ವಿಮಾನದ ಮಾತಿಗೊಂದು ದಾರಿ

2007 ಸೆಪ್ಟೆಂಬರ್ 18, ಮಂಗಳವಾರ
ಲ್ಯಾಂಕಾಸ್ಟರ್, ಕ್ಯಾಲಿಫೋರ್ನಿಯಾ

ಮೂರೂವರೆಗೆ ಎದ್ದು, ಕಾಫಿಯನ್ನು ಫ್ಲಾಸ್ಕಿಗೆ ಸುರಿದುಕೊಂಡು ಹೊರಟೆ. ಈ ಮರುಭೂಮಿಯಲ್ಲಿ ಬಿಸಿಲು ಏರಿದರೆ ಗಾಳಿಯೂ ಏಳುತ್ತದೆ. ಫ್ಲಟರ್ ಪರೀಕ್ಷೆಗೆ ಅಲುಗಾಟವಿಲ್ಲದ ಗಾಳಿ ಬೇಕು. ಅದಕ್ಕಿಂತ ಮುಖ್ಯವಾಗಿ, ನಮಗೆ ಫ್ರೀಕ್ವೆನ್ಸಿ ಸಿಕ್ಕಿದ್ದೇ ಆರರಿಂದ ಎಂಟರ ತನಕ. ಎಂಟಾದ ಮೇಲೆ ಆ ಚಾನೆಲ್ ಬೇರೆಯವರ ವಿಮಾನಕ್ಕೆ.

ವೇಗ ಒಂದು ಮಟ್ಟ ದಾಟಿದರೆ ರೆಕ್ಕೆ ತಾನಾಗಿಯೇ ನಡುಗಲು ಶುರುಮಾಡಬಹುದು, ಅದೇ ಫ್ಲಟರ್. ನಡುಕ ಅಡಗಿದರೆ ಸರಿ. ಬೆಳೆಯುತ್ತ ಹೋದರೆ ಕೆಲವೇ ಸೆಕೆಂಡುಗಳಲ್ಲಿ ರೆಕ್ಕೆ ಉಳಿಯುವುದಿಲ್ಲ. ಅಡಗುತ್ತಿದೆಯೋ ಬೆಳೆಯುತ್ತಿದೆಯೋ ಎಂಬುದು ಒಳಗೆ ಕೂತ ಪೈಲಟ್‌ಗೆ ಸಮಯಕ್ಕೆ ಸರಿಯಾಗಿ ತಿಳಿಯುವುದಿಲ್ಲ, ತಿಳಿಯುವುದು ಕೆಳಗೆ ಕೂತ ನಮಗೆ. ರೆಕ್ಕೆಯ ಮೇಲಿನ ಸೆನ್ಸರುಗಳು ಹೇಳಿದ್ದೆಲ್ಲ ರೇಡಿಯೋದಲ್ಲಿ, ಅಂದರೆ ಟೆಲಿಮೆಟ್ರಿಯಲ್ಲಿ, ಇಳಿದು ಬಂದು ಚಾರ್ಟ್ ರೆಕಾರ್ಡರಿನ ಕಾಗದದ ಮೇಲೆ ಗೆರೆಯಾಗುತ್ತದೆ. ಗೆರೆ ನೋಡಿ ಸ್ಟ್ರಕ್ಚರ್ಸ್‌ನವರು 'ಸರಿ' ಅಂದಮೇಲೆ ಮುಂದಿನ ವೇಗ.

ಆರು ಐವತ್ತಕ್ಕೆ, ಮೂರನೆಯ ವೇಗದಲ್ಲಿ, ಡಿಶ್‌ಗೆ ಸಿಗ್ನಲ್‌ನ ಲಾಕ್ ಹೋಯಿತು. ಕಾಗದ ಓಡುತ್ತಲೇ ಇತ್ತು. ಅದರ ಮೇಲಿನ ಎಂಟೂ ಗೆರೆಗಳು ಸ್ಕೇಲಿಟ್ಟು ಎಳೆದ ಹಾಗೆ ನೆಟ್ಟಗಾದವು. ಕೋಣೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಟೆಸ್ಟ್ ಡೈರೆಕ್ಟರ್ ಮಾತಿನ ರೇಡಿಯೋದಲ್ಲಿ ನಿಲ್ಲಿಸಲು ಹೇಳಿದರು, ಪೈಲಟ್ ವೇಗ ಇಳಿಸಿದ. ನಾಲ್ಕು ಸೆಕೆಂಡಿನ ಮೇಲೆ ಗೆರೆಗಳಿಗೆ ಮತ್ತೆ ಜೀವ ಬಂತು. ವಿಮಾನಕ್ಕೆ ಏನೂ ಆಗಿರಲಿಲ್ಲ. ದೂರದ ಇನ್ನೊಂದು ವಿಮಾನ ಎತ್ತರಕ್ಕೇರಿ ನಮ್ಮ ಡಿಶ್‌ನ ನೋಟದ ಸಾಲಿಗೇ ಬಂದಿತ್ತು. ಅದರ ಚಾನೆಲ್ ನಮ್ಮ ಚಾನೆಲ್‌ನ ಪಕ್ಕದ್ದು. ಯಾರ ತಪ್ಪೂ ಅಲ್ಲ. ಇಬ್ಬರಿಗೂ ಹಂಚಿದ ಜಾಗವೇ ಅಷ್ಟು ಇಕ್ಕಟ್ಟು.

ಆ ನಾಲ್ಕು ಸೆಕೆಂಡು ಕಾಗದದ ಮೇಲೆ ಹತ್ತು ಸೆಂಟಿಮೀಟರ್. ಮೂಲವನ್ನು ಫೈಲಿಗೆ ಹಾಕಿ, ಒಂದು ನಕಲು ತೆಗೆದು ಬ್ಯಾಗಿನಲ್ಲಿಟ್ಟುಕೊಂಡೆ. ಮುಂದಿನ ತಿಂಗಳು ಜಿನೀವಾದ ರೇಡಿಯೋ ಸಮ್ಮೇಳನಕ್ಕೆ ಒಯ್ಯುತ್ತೇನೆ.

2007 ಸೆಪ್ಟೆಂಬರ್ 30, ಭಾನುವಾರ

ಅಪ್ಪನ ಜೊತೆ ಗಂಟೆಗಟ್ಟಲೆ ಫೋನು. ನಾನು ಯಾಕೆ ಹೋಗುತ್ತಿದ್ದೇನೆ ಎಂದು ಅವರಿಗೆ ಪೂರ್ತಿ ತಿಳಿಯಬೇಕು.

ಮೊದಲಿಂದ ಹೇಳಿದೆ. ಅಮೆರಿಕದಲ್ಲಿ ಟೆಲಿಮೆಟ್ರಿಗೆ ಇರುವ ಹಳೆಯ ಮನೆ ಎಲ್ ಬ್ಯಾಂಡ್, 1435ರಿಂದ 1525 ಮೆಗಾಹರ್ಟ್ಸ್. ಇನ್ನೊಂದು ಎಸ್ ಬ್ಯಾಂಡ್. 1992ರಲ್ಲಿ ಸ್ಪೇನಿನ ಟೊರೆಮೊಲಿನೊಸ್‌ನಲ್ಲಿ ನಡೆದ ರೇಡಿಯೋ ಸಮ್ಮೇಳನದಲ್ಲಿ ಪ್ರಪಂಚದ ಬಹುಭಾಗ 1452ರಿಂದ 1492ರ ತುಂಡನ್ನು ಡಿಜಿಟಲ್ ರೇಡಿಯೋ ಪ್ರಸಾರಕ್ಕೆ ಕೊಟ್ಟಿತು. ಅಮೆರಿಕ ಎಲ್ ಬ್ಯಾಂಡ್ ಉಳಿಸಿಕೊಳ್ಳಲು ಅದರ ಬದಲು 2310ರಿಂದ 2360ರವರೆಗಿನದನ್ನು ಬಿಟ್ಟುಕೊಟ್ಟಿತು. ಅದೂ ಟೆಲಿಮೆಟ್ರಿಯದೇ ಜಾಗ. ಒಂದು ಕೈ ಉಳಿಸಲು ಇನ್ನೊಂದು ಕೈ. 1997ರ ಏಪ್ರಿಲ್‌ನಲ್ಲಿ ಅದನ್ನು ಹರಾಜು ಹಾಕಿದರು. ನಡುವಿನದು ಉಪಗ್ರಹ ರೇಡಿಯೋಕ್ಕೆ ಹೋಯಿತು. ಅಕ್ಕಪಕ್ಕದ 30 ಮೆಗಾಹರ್ಟ್ಸ್‌ಗೆ ಬಂದ ಹಣ ಬರೀ 1.36 ಕೋಟಿ ಡಾಲರ್. ಅಷ್ಟು ದುಡ್ಡಿಗೆ ಒಂದು ಪರೀಕ್ಷಾ ವಿಮಾನದ ರೆಕ್ಕೆಯೂ ಬರುವುದಿಲ್ಲ.

"ಮಾರಿದೋರು ಒಂದು ಮಾತು ಕೇಳಲಿಲ್ವಾ?" ಅಂದರು ಅಪ್ಪ.

ಕೇಳಿದರು, ಅಳೆದೂ ನೋಡಿದರು. ಮೀಟರ್ ಇಟ್ಟವರಿಗೆ ಏನೂ ಕಾಣಲಿಲ್ಲ. ವಿಮಾನ ಕಳಿಸುವುದೇ ಐದು ಹತ್ತು ವಾಟ್. ಇನ್ನೂರು ಕಿಲೋಮೀಟರ್ ದಾಟಿ ಡಿಶ್‌ಗೆ ಸೇರುವಾಗ ಅದು ಒಂದು ವಾಟ್‌ನ ಸಾವಿರ ಕೋಟಿಯಲ್ಲೊಂದು ಪಾಲಿಗೂ ಕಡಿಮೆ. ವಿಮಾನದತ್ತಲೇ ಮುಖ ಮಾಡಿದ ದೊಡ್ಡ ಡಿಶ್‌ಗೆ ಮಾತ್ರ ಅದು ಕೇಳಿಸುತ್ತದೆ. ವಿಮಾನ ಮೇಲಿಲ್ಲದ ಹೊತ್ತಿನಲ್ಲಂತೂ ಅಲ್ಲಿ ಮೌನ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬೇಸಿಗೇಲಿ ಬಂದು ನೋಡಿ, ಕೆರೆ ಒಣಗಿದೆ ಅಂತ ಸೈಟ್ ಮಾಡಿದ್ರಲ್ಲ ಪುಟ್ಟಿ, ಹಾಗೇ ಆಯ್ತು. ರಾಜಕಾಲುವೆ ಮೇಲೆ ಮನೆ ಕಟ್ಟಿದೋರಿಗೂ ಅಲ್ಲಿ ನೀರು ಕಂಡಿರಲಿಲ್ಲ" ಅಂದರು. ನಾನು ಹತ್ತು ವರ್ಷ ಸ್ಲೈಡ್ ಹಾಕಿ ಹೇಳಿದ್ದನ್ನು ಅವರು ಎರಡು ಮಾತಿನಲ್ಲಿ ಹೇಳಿದರು.

ಆಮೇಲೆ ಸುರಂಜನ್ ದಾಸ್ ಮಾತು ಬಂತು. ಅಪ್ಪ ಎಚ್‌ಎಎಲ್‌ನ ಇನ್‌ಸ್ಟ್ರುಮೆಂಟ್ ಶಾಪ್‌ನಲ್ಲಿದ್ದವರು. ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿನಲ್ಲಿ ಕೂತು ರೂಪಿಸಿದ ಎಚ್‌ಎಫ್-24 ಮಾರುತ್ 1961ರ ಜೂನ್ 17ರಂದು ಮೊದಲು ಹಾರಿದ್ದು ದಾಸ್ ಅವರ ಕೈಯಲ್ಲಿ. 1970ರ ಜನವರಿ 10ರಂದು ಅದೇ ಜಾತಿಯ ವಿಮಾನದ ಪರೀಕ್ಷೆಯಲ್ಲೇ ಅವರು ತೀರಿಕೊಂಡರು. "ಆವತ್ತು ಶಾಪ್‌ನಲ್ಲಿ ಒಬ್ಬರೂ ಊಟದ ಡಬ್ಬಿ ತೆಗೀಲಿಲ್ಲ" ಎಂದು ಅಪ್ಪ ಎಷ್ಟು ಸಲ ಹೇಳಿದ್ದಾರೋ. ಹಳೇ ಮದ್ರಾಸ್ ರಸ್ತೆಯಿಂದ ವಿಮಾನ ನಿಲ್ದಾಣದ ರಸ್ತೆಗೆ ಬರುವ ದಾರಿಗೆ ಅವರ ಹೆಸರಿದೆ, ನಾನು ಸ್ಕೂಲಿಗೆ ಹೋಗುತ್ತಿದ್ದುದೇ ಅದರಲ್ಲಿ. ಆ ಕಾಲದಲ್ಲಿ ಎಷ್ಟೋ ದೇಶಗಳಲ್ಲಿ ಪರೀಕ್ಷೆ ಅಂದರೆ ಪೈಲಟ್ ತೊಡೆಗೆ ಕಟ್ಟಿಕೊಂಡ ಪ್ಯಾಡು, ಮೀಟರುಗಳ ಎದುರಿಗೊಂದು ಕ್ಯಾಮೆರಾ. ವಿಮಾನ ವಾಪಸು ಬಂದರೆ ಅದು ಕಂಡದ್ದೂ ಬಂತು. ಬರದಿದ್ದರೆ ಅದೂ ಇಲ್ಲ.

2007 ಅಕ್ಟೋಬರ್ 22, ಸೋಮವಾರ
ಜಿನೀವಾ

ನಿನ್ನೆ ವಿಜಯದಶಮಿ, ವಿಮಾನದಲ್ಲೇ ಕಳೆಯಿತು. ಇವತ್ತು ವಿಶ್ವ ರೇಡಿಯೋಸಂವಹನ ಸಮ್ಮೇಳನದ ಮೊದಲ ದಿನ. ಅಧ್ಯಕ್ಷರು ಫ್ರಾನ್ಸಿನ ಫ್ರಾಂಸ್ವಾ ರಾನ್ಸಿ. ಆರು ಭಾಷೆಗಳ ಅನುವಾದ ಕಿವಿಗೆ ಬರುತ್ತದೆ. ನವೆಂಬರ್ 16ರವರೆಗೆ ನಾಲ್ಕು ವಾರ.

ನಮ್ಮದು ಕಾರ್ಯಸೂಚಿಯ 1.5ನೇ ಅಂಶ. 2003ರ ಸಮ್ಮೇಳನದ 230ನೇ ನಿರ್ಣಯ ಅದಕ್ಕೆ ಬಾಗಿಲು ತೆಗೆದಿತ್ತು: ಹೆಚ್ಚು ಡೇಟಾ ಸಾಗಿಸುವ ವಿಮಾನ ಟೆಲಿಮೆಟ್ರಿಗೆ 3 ಗಿಗಾಹರ್ಟ್ಸ್‌ನಿಂದ ಮೇಲೆ ಜಾಗ ಹುಡುಕಿ ಎಂದು. ಆ ನಿರ್ಣಯದ ಹಿಂದೆ 1999ರಲ್ಲಿ ಟೆಲಿಮೆಟ್ರಿಯವರೆಲ್ಲ ಸೇರಿ ಕಟ್ಟಿಕೊಂಡ ಅಂತರರಾಷ್ಟ್ರೀಯ ಕೂಟದ ದುಡಿಮೆ ಇದೆ. ಅಲ್ಲಿಯವರೆಗೆ ನಾವು ಎಂಜಿನಿಯರುಗಳು ಡಿಶ್ ತಿರುಗಿಸಿಕೊಂಡು ಇದ್ದೆವು, ಜಾಗ ಯಾರೋ ಕಾಯುತ್ತಾರೆ ಅಂದುಕೊಂಡು.

ಇರುವುದರಲ್ಲೇ ಹೊಂದಿಸಿಕೊಳ್ಳಬಾರದೇ ಎಂದು ಇವತ್ತೂ ಒಬ್ಬರು ಕೇಳಿದರು. ಹೊಂದಿಸಿಕೊಂಡಿದ್ದೇವೆ. ಸೆಕೆಂಡಿಗೆ 10 ಮೆಗಾಬಿಟ್ ಕಳಿಸಲು ಹಳೆಯ ಪಿಸಿಎಂ-ಎಫ್‌ಎಂ ಪದ್ಧತಿ 11.6 ಮೆಗಾಹರ್ಟ್ಸ್ ತಿನ್ನುತ್ತಿತ್ತು. ತೊಂಬತ್ತರ ದಶಕದ ಕೊನೆಯಿಂದ ಎಡ್ವರ್ಡ್ಸ್ ವಾಯುನೆಲೆಯಲ್ಲಿ ನಡೆದ ಕೆಲಸದಿಂದ ಅದು 7.8ಕ್ಕೆ ಇಳಿಯಿತು, ಇನ್ನೊಂದು ಪದ್ಧತಿಯಲ್ಲಿ 5.6ಕ್ಕೆ. ಅರ್ಧಕ್ಕರ್ಧ ಉಳಿಸಿದೆವು. ಅಷ್ಟರಲ್ಲಿ ವಿಮಾನ ಹೇಳಬೇಕಾದ ಮಾತೇ ಹತ್ತು ಪಟ್ಟು ಬೆಳೆದಿತ್ತು. ನಾನು ಕೆಲಸಕ್ಕೆ ಸೇರಿದಾಗ ಒಂದು ಮೆಗಾಬಿಟ್ ಧಾರಾಳ, ಈಗ ಒಂದೇ ವಿಮಾನದಲ್ಲಿ ಸಾವಿರಾರು ಸೆನ್ಸರು, ಮೇಲೆ ವಿಡಿಯೋ.

ರಾತ್ರಿ ಕರಡು ಓದಿದೆ. ಒಪ್ಪಿಗೆಯಾಗದ ಪ್ರತಿ ಪದವೂ ಚೌಕ ಆವರಣದೊಳಗೆ. ನಮ್ಮ ಪುಟಗಳಲ್ಲಿ ಆವರಣದ ಹೊರಗೆ ಉಳಿದಿರುವುದು ಅಲ್ಪವಿರಾಮ, ಪೂರ್ಣವಿರಾಮ ಅನ್ನುವಷ್ಟು. ಇವು ಬಿದ್ದುಹೋದಂತೆಲ್ಲ ನೀಲಿ ಕಾಗದದಲ್ಲಿ ಮೊದಲ ಓದು, ಗುಲಾಬಿ ಕಾಗದದಲ್ಲಿ ಎರಡನೆಯ ಓದು.

2007 ಅಕ್ಟೋಬರ್ 25, ಗುರುವಾರ

ಇವತ್ತು ಏರ್‌ಬಸ್ ಎ380 ಮೊದಲ ಸಲ ಟಿಕೆಟ್ ಕೊಂಡ ಪ್ರಯಾಣಿಕರನ್ನು ಹೊತ್ತು ಸಿಂಗಪುರದಿಂದ ಸಿಡ್ನಿಗೆ ಹಾರಿತು. ಕಾಫಿ ಹೊತ್ತಿನಲ್ಲಿ ಎಲ್ಲರ ಬಾಯಲ್ಲೂ ಅದೇ. 2005ರ ಏಪ್ರಿಲ್ 27ರಂದು ಟುಲೂಸ್‌ನಲ್ಲಿ ಅದು ಮೊದಲು ಮೇಲೆದ್ದಾಗ ಒಳಗಿದ್ದವರು ಆರೇ ಜನ. ಮೈಮೇಲೆ ಕಿತ್ತಳೆ ಬಣ್ಣದ ಉಡುಪು, ಪ್ಯಾರಾಚೂಟ್. ಆ ಆರು ಜನರಿಂದ ಇವತ್ತಿನ ನೂರಾರು ಪ್ರಯಾಣಿಕರವರೆಗಿನ ಎರಡೂವರೆ ವರ್ಷದ ದಾರಿಯೇ ನಮ್ಮ ಕೆಲಸ. ಈ ಸಭಾಂಗಣದಲ್ಲಿ ಕೂತ ಬಹಳ ಜನರಿಗೆ ವಿಮಾನ ಎಂದರೆ ಗೇಟಿಗೆ ಬಂದು ನಿಲ್ಲುವಂಥದು. ಗೇಟಿಗೆ ಬರುವ ಮುಂಚಿನ ವಿಮಾನ ಅವರಿಗೆ ಕಾಣಬೇಕು ಎಂದೇ ನಾನು ಬಂದಿರುವುದು.

2007 ನವೆಂಬರ್ 1, ಗುರುವಾರ

ಬೆಳಿಗ್ಗೆ ಮೆಟ್ಟಿಲ ಹತ್ತಿರ ಹಿಂದಿನಿಂದ ಯಾರೋ "ರಾಜ್ಯೋತ್ಸವದ ಶುಭಾಶಯ ರೀ ಮೇಡಂ" ಅಂದರು. ಕಣ್ಣು ತುಂಬಿ ಬಂತು. ಹುಬ್ಬಳ್ಳಿ ಕಡೆಯ ಹಿರಿಯರು, ನನ್ನ ಹೆಸರಿನ ಚೀಟಿ ನೋಡಿ ಗುರುತು ಹಿಡಿದಿದ್ದರು. ಬಹಳ ವರ್ಷ ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಲ್ಲಿ ಇನ್ಸಾಟ್ ಉಪಗ್ರಹಗಳನ್ನು ನೋಡಿಕೊಂಡವರು.

ಮಧ್ಯಾಹ್ನ ಊಟಕ್ಕೆ ಒಟ್ಟಿಗೆ ಕೂತೆವು. ನಾವು ಕೇಳುತ್ತಿರುವ ಬ್ಯಾಂಡುಗಳಲ್ಲಿ 5925ರಿಂದ 6700 ಕೂಡ ಇದೆ ಎಂದೆ. ಅವರು ತುತ್ತು ಕೆಳಗಿಟ್ಟರು.

"ಅಲ್ರೀ, ಅದು ನಾವು ಉಪಗ್ರಹಕ್ಕ ಮ್ಯಾಲ ಕಳಸೋ ಹಾದಿ. ನಿಮ್ಮ ವಿಮಾನದ ಬೆನ್ನ ಮ್ಯಾಲೂ ಆಂಟೆನಾ ಐತಿಲ್ಲೋ?"

ಇದೆ. ವಿಮಾನ ಹೊರಳಿದಾಗ ಹೊಟ್ಟೆಯ ಆಂಟೆನಾ ಡಿಶ್‌ನಿಂದ ಮರೆಯಾಗುತ್ತದೆ, ಆಗ ಬೆನ್ನಿನದೇ ಗತಿ. ಅದರ ಕಿರಣ ಆಕಾಶಕ್ಕೂ ಹೋಗುತ್ತದೆ. ಹತ್ತು ವಾಟ್, ಎಲ್ಲ ದಿಕ್ಕಿಗೂ ಚೆಲ್ಲಿದ್ದು, 36,000 ಕಿಲೋಮೀಟರ್ ದೂರ ಎಂದು ಲೆಕ್ಕ ಹಾಕಿ ತೋರಿಸಿದೆ.

"ಒಂದು ವಿಮಾನ ಆದ್ರ ಚಿಂತಿಲ್ಲ. ಉಪಗ್ರಹದ ಕಿವಿಗೆ ಅರ್ಧ ಭೂಮಿ ಕೇಳಸ್ತೈತಿ. ಎಲ್ಲಾರೂ ಕೂಡಿ ಪಿಸುಗುಟ್ಟಿದ್ರ ಅದು ಗದ್ದಲ ಆಗ್ತೈತಿ, ಹೌದಿಲ್ಲೋ?"

ಹೌದು. ಅವರ ಮಾತಿನಲ್ಲಿ ತಪ್ಪಿಲ್ಲ. ಅವರೂ ನನ್ನ ಹಾಗೇ ಬಹಳ ದೂರದಿಂದ ಬರುವ ಬಹಳ ಸಣ್ಣ ಸದ್ದನ್ನು ಕೇಳಿಸಿಕೊಂಡು ಬದುಕಿದವರು. ಬ್ಯಾಗಿನಿಂದ ಕಾಗದ ತೆಗೆದು ನಾಲ್ಕು ಸೆಕೆಂಡು ತೋರಿಸಿದೆ. ನೆಟ್ಟಗಿನ ಗೆರೆಯ ಮೇಲೆ ಬೆರಳಾಡಿಸಿ, "ಒಳಗ ಎಷ್ಟ ಮಂದಿ ಇದ್ರು?" ಅಂದರು. ಒಬ್ಬರು ಅಂದೆ. ಊಟ ಮುಗಿಯುವ ತನಕ ಅವರು ಮಾತಾಡಲಿಲ್ಲ. ಏಳುವಾಗ, "ಪರೀಕ್ಷಾ ಮಾಡೋ ಜಾಗಾ ಇಂಥಾದ್ದ ಅಂತ ಗಟ್ಟಿ ಬರೀರಿ. ವಿಮಾನದಿಂದ ಕೆಳಗ ಬರೋದಷ್ಟ, ಕೆಳಗಿಂದ ಮ್ಯಾಲ ಹೋಗೋದು ಬ್ಯಾಡ. ಅಷ್ಟಾದ್ರ ನಮ್ಮಂಥವ್ರಿಗೆ ಧೈರ್ಯ ಬರ್ತೈತಿ" ಎಂದರು.

ಕರಡಿನಲ್ಲಿ ಆ ಎರಡೂ ಷರತ್ತು ಇವೆ, ಇನ್ನೂ ಆವರಣದೊಳಗೆ. ನಮ್ಮವರಲ್ಲಿ ಕೆಲವರಿಗೆ ಅವು ಬೇಡ. ನನಗೆ ಇವತ್ತಿನಿಂದ ಬೇಕು.

2007 ನವೆಂಬರ್ 7, ಬುಧವಾರ

ಮೊಬೈಲ್‌ನವರ 1.4ನೇ ಅಂಶದ ಕೋಣೆಯಲ್ಲಿ ನಿಲ್ಲಲೂ ಜಾಗವಿಲ್ಲ. ಅವರ ಬೇಡಿಕೆಯ ಪಟ್ಟಿಯಲ್ಲಿ 2300-2400 ಇದೆ, 4400-4990 ಕೂಡ ಇದೆ. ಮೊದಲನೆಯದರ ಮೇಲ್ಭಾಗದಲ್ಲಿ ನಾವು ಈಗಾಗಲೇ ಇದ್ದೇವೆ. ಎರಡನೆಯದಕ್ಕೆ ಹೋಗಬೇಕೆಂದು ಇಲ್ಲಿಗೆ ಬಂದಿದ್ದೇವೆ. ಇರುವ ಮನೆ, ಹೋಗಬೇಕಾದ ಮನೆ, ಎರಡಕ್ಕೂ ಅದೇ ಗಿರಾಕಿ. ಅವರ ಹಿಂದೆ ಕೋಟ್ಯಂತರ ಫೋನುಗಳಿವೆ, ನಮ್ಮ ಹಿಂದೆ ಬೆರಳೆಣಿಕೆಯ ವಿಮಾನಗಳು. ಹರಾಜಿನಲ್ಲಿ ಕೂಗಲು ನಮ್ಮ ಕೈಯಲ್ಲಿ ಕಾಸಿಲ್ಲ. ಪರೀಕ್ಷೆ ಸುರಕ್ಷಿತವಾಗಿ ಮುಗಿಯಿತು ಎನ್ನುವುದಕ್ಕೆ ಯಾವ ಪೇಟೆಯಲ್ಲೂ ದರ ಕಟ್ಟಿಲ್ಲ.

ರಾತ್ರಿ ಹನ್ನೊಂದೂವರೆಗೆ ಬಂದೆ. ಸರೋವರದ ಕಡೆಯಿಂದ ಕೊರೆಯುವ ಗಾಳಿ.

2007 ನವೆಂಬರ್ 9, ಶುಕ್ರವಾರ

ದೀಪಾವಳಿ. ಹುಬ್ಬಳ್ಳಿಯ ಹಿರಿಯರು ಮನೆಯಿಂದ ತಂದಿದ್ದ ಚಕ್ಕುಲಿಯಲ್ಲಿ ಉಳಿದ ಮೂರನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ಕೊಟ್ಟರು.

ಇವತ್ತು ಬರೆಯಬೇಕಾದದ್ದು ಒಂದು ವಾಕ್ಯದ ಬಗ್ಗೆ. ಹೊಸ ನಿರ್ಣಯದ ಕರಡಿನಲ್ಲಿ ಅದು ಹೀಗಿದೆ: ಈ ಬ್ಯಾಂಡುಗಳಲ್ಲಿನ ವಿಮಾನ ಟೆಲಿಮೆಟ್ರಿಯನ್ನು ನಿಯಮ 1.59ರ ಪ್ರಕಾರ ಸುರಕ್ಷತಾ ಸೇವೆಯ ಬಳಕೆ ಎಂದು ಪರಿಗಣಿಸುವುದಿಲ್ಲ.

ಓದಿ ಎದೆಗೆ ಗುದ್ದಿದ ಹಾಗಾಯಿತು. ಇಷ್ಟು ವರ್ಷ ನಾವು ಎಲ್ಲೆಡೆ ಹೇಳಿಕೊಂಡು ಬಂದದ್ದೇ ಜೀವದ ಮಾತು. ಯಾಕೆ ಈ ವಾಕ್ಯ ಎಂದರೆ, ಸುರಕ್ಷತಾ ಸೇವೆ ಎಂದ ಕೂಡಲೇ ಅದಕ್ಕೆ ವಿಶೇಷ ರಕ್ಷಣೆಯ ಹಕ್ಕು ಬರುತ್ತದೆ, ಉಳಿದವರು ಸರಿಯಬೇಕಾಗುತ್ತದೆ. ಉಪಗ್ರಹದವರೂ ಮೈಕ್ರೋವೇವ್ ಕೊಂಡಿಯವರೂ ಅಲ್ಲಿ ಮೊದಲೇ ಇದ್ದಾರೆ. ನಿನ್ನೆ ಬಂದ ಬಾಡಿಗೆದಾರ ಮನೆಯ ಯಜಮಾನಿಕೆ ಕೇಳಿದರೆ ಒಳಗೇ ಬಿಡುವುದಿಲ್ಲ. ಅವರ ನ್ಯಾಯ ನನಗೆ ಅರ್ಥವಾಗುತ್ತದೆ. ನಮ್ಮ ಕೊಂಡಿ ಕಡಿದರೆ ಪರೀಕ್ಷೆ ನಿಲ್ಲಿಸಬಹುದು, ವೇಗ ಇಳಿಸಬಹುದು. ಮಂಜಿನಲ್ಲಿ ರನ್‌ವೇ ಹುಡುಕುತ್ತಿರುವ ವಿಮಾನಕ್ಕೆ ಆ ಅವಕಾಶ ಇಲ್ಲ. ಸೆಪ್ಟೆಂಬರ್ 18ರಂದು ನಾವೂ ಹಾಗೆಯೇ ನಿಲ್ಲಿಸಿದೆವು.

ಆದರೆ ಆ ನಾಲ್ಕು ಸೆಕೆಂಡಿನಲ್ಲಿ ನಡುಕ ಬೆಳೆಯುತ್ತಿದ್ದರೆ? ನಿಲ್ಲಿಸು ಎಂದು ಹೇಳುವುದಕ್ಕೆ ಕಾರಣ ಕಾಣುವುದೇ ಆ ಗೆರೆಯಲ್ಲಿ. ಇದಕ್ಕೆ ಸುರಕ್ಷತೆ ಅಲ್ಲದೆ ಬೇರೆ ಯಾವ ಹೆಸರಿಡಬೇಕೋ ನನಗೆ ತಿಳಿಯದು.

ಅಪ್ಪನಿಗೆ ಹಬ್ಬದ ಫೋನ್ ಮಾಡಿದಾಗ ಹೇಳಿದೆ. ಸುಮಾರು ಹೊತ್ತು ಯೋಚಿಸಿ, "ಹೆಸರು ಬೇಕೋ, ಜಾಗ ಬೇಕೋ?" ಎಂದು ಕೇಳಿದರು.

ಜಾಗ ಬೇಕು. ಸಂಜೆಯ ಸಭೆಯಲ್ಲಿ ನಮ್ಮ ಗುಂಪಿನ ಮುಖ್ಯಸ್ಥರು ನನ್ನ ಅಭಿಪ್ರಾಯ ಕೇಳಿದಾಗ ಒಪ್ಪಿಕೊಳ್ಳೋಣ ಎಂದೆ. ಚಕ್ಕುಲಿ ಇನ್ನೂ ಬ್ಯಾಗಿನಲ್ಲಿದೆ, ತಿನ್ನಲು ಮನಸ್ಸಾಗಲಿಲ್ಲ.

2007 ನವೆಂಬರ್ 16, ಶುಕ್ರವಾರ

ಮುಗಿಯಿತು. ಬೆರಳು ನಡುಗುತ್ತಿದೆ, ನಿದ್ದೆಯಿಲ್ಲದೆ.

ನಮ್ಮ ಅಮೆರಿಕ ಖಂಡಗಳ ಪಾಲಿಗೆ, ಕೆಲವು ದೇಶಗಳನ್ನು ಬಿಟ್ಟು, 4400ರಿಂದ 4940 ಸಿಕ್ಕಿತು. ಆಸ್ಟ್ರೇಲಿಯಕ್ಕೂ ಅದು ಉಂಟು. 5091ರಿಂದ 5150 ಇಡೀ ಪ್ರಪಂಚಕ್ಕೆ. 5150ರಿಂದ 5250 ಯುರೋಪು, ಆಫ್ರಿಕಾ ಇರುವ ಮೊದಲನೆಯ ಪ್ರದೇಶದ ಬಹುಭಾಗಕ್ಕೆ. 5925ರಿಂದ 6700 ಮತ್ತೆ ನಮ್ಮ ಕಡೆಗೆ. ಬ್ರೆಜಿಲ್, ಕ್ಯೂಬಾ, ವೆನೆಜುವೆಲಾ 4400ರ ಅಡಿಟಿಪ್ಪಣಿಯಿಂದ ಹೊರಗುಳಿದಿವೆ. ಮೊಬೈಲ್‌ನವರ ಪಟ್ಟಿಯಿಂದ 4400-4990 ಬಿದ್ದುಹೋಯಿತು. ನಮಗೆ ತಾಗುವ ಆ ಎರಡರಲ್ಲಿ 2300-2400 ಮಾತ್ರ ಅವರಿಗೆ ಗುರುತಾಯಿತು. ಅಮೆರಿಕದೊಳಗೆ 2300ರಿಂದ 2390ರ ತನಕ ಟೆಲಿಮೆಟ್ರಿಗೇ ಮೊದಲ ಆದ್ಯತೆ ಎನ್ನುವ ಹಳೆಯ ಅಡಿಟಿಪ್ಪಣಿ ಉಳಿದಿದೆ, ಎಷ್ಟು ದಿನವೋ.

ಷರತ್ತುಗಳು ಉದ್ದ. ವಿಮಾನದಿಂದ ನೆಲಕ್ಕೆ ಮಾತ್ರ, ಹಾರಾಟದ ಪರೀಕ್ಷೆಗೆ ಮಾತ್ರ. ಉಪಗ್ರಹ ಸೇವೆಗೂ ನೆಲದ ಕೊಂಡಿಗಳಿಗೂ ತೊಂದರೆ ಕೊಡಬಾರದು, ಅವುಗಳಿಂದ ರಕ್ಷಣೆಯನ್ನೂ ಕೇಳಬಾರದು. 4825ರಿಂದ 4835ರ ನಡುವೆ ಖಗೋಳದವರು ಆಕಾಶದಲ್ಲಿನ ಫಾರ್ಮಾಲ್ಡಿಹೈಡ್ ಅಣುವಿನ ಸದ್ದು ಕೇಳುತ್ತಾರೆ, ಅಲ್ಲಿ ನಾವು ಬಹಳ ಮೆಲ್ಲಗೆ ನಡೆಯಬೇಕು. ಆ ಒಂದು ವಾಕ್ಯವೂ ಇದೆ.

ಹುಬ್ಬಳ್ಳಿಯ ಹಿರಿಯರು ಬೀಳ್ಕೊಡುವಾಗ ಎರಡೂ ಕೈ ಹಿಡಿದುಕೊಂಡರು. "ಹಾಸನಕ್ಕ ಬರ್ರೀ, ನಮ್ಮ ಡಿಶ್ ತೋರಸ್ತೀನಿ" ಅಂದರು.

2015 ಜನವರಿ 30, ಶುಕ್ರವಾರ
ಲ್ಯಾಂಕಾಸ್ಟರ್

ಬಹಳ ದಿನದ ಮೇಲೆ ಈ ಪುಸ್ತಕ ತೆರೆದಿದ್ದೇನೆ. ನಿನ್ನೆ ಅಮೆರಿಕದ ದೊಡ್ಡ ಹರಾಜು ಮುಗಿಯಿತು, ಸುಮಾರು 4,490 ಕೋಟಿ ಡಾಲರ್. ಮಾರಿಹೋದದ್ದರಲ್ಲಿ 1755ರಿಂದ 1780 ಇದೆ. ಸರ್ಕಾರದ ಪರೀಕ್ಷಾ ವಿಮಾನಗಳ ಟೆಲಿಮೆಟ್ರಿ ಅಲ್ಲೂ ಓಡುತ್ತಿತ್ತು. ಈ ಸಲ ಒಂದು ವ್ಯತ್ಯಾಸ ಉಂಟು: ಹರಾಜಿನ ಹಣದಲ್ಲೇ ಒಂದು ಪಾಲು ಜಾಗ ಬಿಡುವವರ ಸಾಗಾಟಕ್ಕೆ. ಮತ್ತು ಹೋಗಲು ಒಂದು ಜಾಗ ಇದೆ. 2007ರಲ್ಲಿ ಆ ಆವರಣಗಳು ಬೀಳದೆ ಹೋಗಿದ್ದರೆ ಈ ಹಣ ಹಿಡಿದುಕೊಂಡು ಎಲ್ಲಿಗೆ ಹೋಗಬೇಕಿತ್ತು?

ಇವತ್ತು ಬೆಳಿಗ್ಗೆ ನಾವು ಆ 4400-4940ರೊಳಗಿನ ಒಂದು ಚಾನೆಲ್‌ನಲ್ಲಿ ಹಾರಿದೆವು. ಡಿಶ್ ಹಳೆಯದೇ, ಎಂಟು ಅಡಿಯದು. ಅದರ ಬಾಯಿಗೆ ಹೊಸ ಫೀಡ್ ಕೂರಿಸಿದ್ದೇವೆ. ಎಸ್ ಬ್ಯಾಂಡಿನಲ್ಲಿ ಅದರ ನೋಟದ ಅಗಲ ಸುಮಾರು 4 ಡಿಗ್ರಿ. ಇಲ್ಲಿ ತರಂಗ ಅರ್ಧದಷ್ಟು ಚಿಕ್ಕದು, ನೋಟ 2 ಡಿಗ್ರಿಗೂ ಕಿರಿದು. ಟಾರ್ಚ್ ಬಿಟ್ಟು ಸೂಜಿ ಹಿಡಿದ ಹಾಗೆ. ಹಳೆಯ ಕೈಗಳಿಗೆಲ್ಲ ಭಯವಿತ್ತು. ಡಿಶ್ ನಡೆಸುವ ಹುಡುಗಿ ಇಪ್ಪತ್ತಾರರವಳು. ವಿಮಾನ ಎಡಕ್ಕೆ ಹೊರಳಿ ಅದರ ಆಂಟೆನಾ ಬಾಲದ ಮರೆಗೆ ಹೋದಾಗ ಸಿಗ್ನಲ್ ಬಿದ್ದಿತು. ಅವಳು ಸ್ಟಿಕ್ ಮುಟ್ಟಲೇ ಇಲ್ಲ, ಡಿಶ್ ತನ್ನ ಹಾದಿಯಲ್ಲೇ ತಿರುಗಲು ಬಿಟ್ಟಳು. ಅರ್ಧ ಸೆಕೆಂಡಿನಲ್ಲಿ ಮರಳಿ ಸಿಕ್ಕಿತು. ನನ್ನ ಕಣ್ಣಿಗೆ ಇದಕ್ಕಿಂತ ಚೆಂದದ ಕೆಲಸ ಈ ವರ್ಷ ಬಿದ್ದಿಲ್ಲ.

ಸಂಜೆ ಅಪ್ಪನಿಗೆ ಹೇಳಿದೆ. ಈಗ ಅವರಿಗೆ ಕಿವಿ ಸ್ವಲ್ಪ ಮಂದ, ಎರಡು ಸಲ ಹೇಳಬೇಕು.

"ಎಷ್ಟು ಹೊತ್ತು ಹೋಗಿತ್ತು ಅಂದೆ?"

"ಅರ್ಧ ಸೆಕೆಂಡು, ಅಪ್ಪ."

"ಆ ಅರ್ಧ ಸೆಕೆಂಡಲ್ಲಿ ವಿಮಾನ ಏನು ಮಾಡ್ತಿತ್ತು ಅಂತ ನೋಡಿದ್ಯಾ?"

ನೋಡಿರಲಿಲ್ಲ.

"ನೋಡು" ಅಂದರು.

ಸೋಮವಾರ ಬೆಳಿಗ್ಗೆ ಮೊದಲ ಕೆಲಸ, ವಿಮಾನದೊಳಗಿನ ರೆಕಾರ್ಡರ್‌ನಿಂದ ಆ ಅರ್ಧ ಸೆಕೆಂಡು ತೆಗೆಸಬೇಕು. ಹಾರಾಟದ ಸ್ಲಾಟ್ ಮಧ್ಯಾಹ್ನ ಒಂದರಿಂದ ಮೂರು.